ದಕ್ಷಿಣ ಕನ್ನಡದ ಬುಡಕಟ್ಟು ಹಿರಿಯರ ಓಡಾಟ ಮತ್ತು ಬೀಳುವಿಕೆ ತಡೆ

ಹಿರಿಯರ ಓಡಾಟ ಮತ್ತು ಬೀಳುವಿಕೆ ತಡೆ ವೃದ್ಧಾಪ್ಯ ಆರೋಗ್ಯದ ಒಂದು ಮುಖ್ಯ ವಿಭಾಗ. ವಯಸ್ಸಾದವರು ಸ್ವಂತ ಬಲದಿಂದ ಏಳುವ, ಕೂರುವ, ನಡೆಯುವ, ಹತ್ತಿಳಿಯುವ ಶಕ್ತಿಯನ್ನು ಉಳಿಸಿಕೊಳ್ಳುವುದು ಮತ್ತು ಆಯತಪ್ಪಿ ಬೀಳದಂತೆ ನೋಡಿಕೊಳ್ಳುವುದು ಇದರ ಎರಡು ಗುರಿಗಳು. ಕರ್ನಾಟಕದ ದಕ್ಷಿಣ ಕನ್ನಡ ಜಿಲ್ಲೆಯ ಬಂಟ್ವಾಳ, ಬೆಳ್ತಂಗಡಿ ಮತ್ತು ಮೂಡುಬಿದಿರೆ ತಾಲೂಕುಗಳಲ್ಲಿ ವಾಸಿಸುವ ಕೊರಗ, ಮಲೆಕುಡಿಯ ಮತ್ತು ಮರಾಟಿ ಸಮುದಾಯಗಳ ಹಿರಿಯರ ಮಟ್ಟಿಗೆ ಈ ಎರಡು ಗುರಿಗಳು ಒಂದಕ್ಕೊಂದು ಎದುರಾಗುವುದುಂಟು. ಗುಡ್ಡದ ಇಳಿಜಾರು, ಹಾವಸೆ ಕಟ್ಟಿದ ಮೆಟ್ಟಿಲು, ಹಳ್ಳದ ಮೇಲಿನ ಕಾಲುಸಂಕಗಳಲ್ಲಿ ಓಡಾಡಿದರೆ ಬೀಳುವ ಅಪಾಯ. ಓಡಾಡದಿದ್ದರೆ ದುಡಿಮೆ, ಪಡಿತರ, ಪಿಂಚಣಿ, ಔಷಧಿ, ನೆಂಟರ ಒಡನಾಟ ಎಲ್ಲವೂ ಕಡಿದುಹೋಗುವ ಸ್ಥಿತಿ. ಆದ್ದರಿಂದ ಇಲ್ಲಿ ಬೀಳುವಿಕೆ ತಡೆಯ ಕೆಲಸವು ಹಿರಿಯರನ್ನು ಮನೆಯಲ್ಲಿ ಕೂರಿಸುವುದರಿಂದ ಮುಗಿಯುವುದಿಲ್ಲ. ನಡೆಯುವ ಕಾಲಿನ ಜೊತೆಗೆ ನಡೆಯುವ ದಾರಿಯನ್ನೂ ಅದು ಗಮನಿಸಬೇಕಾಗುತ್ತದೆ.

ವ್ಯಾಖ್ಯೆ ಮತ್ತು ಜಾಗತಿಕ ಚಿತ್ರ

ವಿಶ್ವ ಆರೋಗ್ಯ ಸಂಸ್ಥೆಯ ವ್ಯಾಖ್ಯೆಯಂತೆ, ವ್ಯಕ್ತಿಯೊಬ್ಬರು ಉದ್ದೇಶವಿಲ್ಲದೆ ನೆಲಕ್ಕೆ ಅಥವಾ ತಾವಿದ್ದುದಕ್ಕಿಂತ ಕೆಳಗಿನ ಮಟ್ಟಕ್ಕೆ ಬಂದು ಬೀಳುವ ಘಟನೆಯೇ ಬೀಳುವಿಕೆ. ಪೆಟ್ಟಾದರೆ ಮಾತ್ರ ಅದನ್ನು ಲೆಕ್ಕಕ್ಕೆ ಹಿಡಿಯಬೇಕೆಂದಿಲ್ಲ. ಪೆಟ್ಟಾಗದ ಬೀಳುವಿಕೆಯೂ ಮುಂದಿನದರ ಮುನ್ಸೂಚನೆಯಾಗಿರುವುದರಿಂದ ವೈದ್ಯರು ಅದನ್ನು ಕೇಳಿ ತಿಳಿದುಕೊಳ್ಳುತ್ತಾರೆ. ಅದೇ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ಪ್ರತಿವರ್ಷ ಸುಮಾರು 6,84,000 ಮಂದಿ ಬಿದ್ದು ಸಾಯುತ್ತಾರೆ. ಈ ಸಾವುಗಳಲ್ಲಿ ಶೇ. 80ಕ್ಕಿಂತ ಹೆಚ್ಚಿನವು ಕಡಿಮೆ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ ಸಂಭವಿಸುತ್ತವೆ. ಚಿಕಿತ್ಸೆ ಬೇಕಾಗುವಷ್ಟು ಪೆಟ್ಟಾಗುವ ಘಟನೆಗಳು ವರ್ಷಕ್ಕೆ ಸುಮಾರು 3.73 ಕೋಟಿ. ಆಕಸ್ಮಿಕ ಗಾಯಗಳಿಂದಾಗುವ ಸಾವುಗಳಲ್ಲಿ ರಸ್ತೆ ಅಪಘಾತದ ನಂತರದ ಸ್ಥಾನ ಬೀಳುವಿಕೆಯದು. ಸಂಸ್ಥೆಯ 2007ರ ಜಾಗತಿಕ ವರದಿಯು 65 ವರ್ಷ ದಾಟಿದವರಲ್ಲಿ ಶೇ. 28ರಿಂದ 35ರಷ್ಟು ಮಂದಿ ವರ್ಷಕ್ಕೊಮ್ಮೆಯಾದರೂ ಬೀಳುತ್ತಾರೆಂದೂ, 70 ದಾಟಿದವರಲ್ಲಿ ಈ ಪ್ರಮಾಣ ಶೇ. 32ರಿಂದ 42ಕ್ಕೆ ಏರುತ್ತದೆಂದೂ ಹೇಳುತ್ತದೆ.

ಮರದಿಂದ ಬೀಳುವುದು ಇದೇ ವ್ಯಾಖ್ಯೆಯೊಳಗೆ ಬಂದರೂ ಅದರ ಸ್ವರೂಪ ಬೇರೆ. ಅಡಿಕೆ, ತೆಂಗಿನ ಮರ ಏರುವವರು ಮತ್ತು ಕಾಡಿನಲ್ಲಿ ಜೇನು ತೆಗೆಯುವವರು ಬಿದ್ದಾಗ ಬೆನ್ನುಹುರಿಗೆ ಪೆಟ್ಟಾಗುವುದು ಕರಾವಳಿಯ ತೋಟಗಾರಿಕೆ ಪ್ರದೇಶದಲ್ಲಿ ಹೊಸತಲ್ಲ. ಬೆಳ್ತಂಗಡಿ ತಾಲೂಕಿನ ಕೊಕ್ಕಡ ಸಮೀಪದ ಸೌತಡ್ಕದಲ್ಲಿ ಬೆನ್ನುಹುರಿ ಅಪಘಾತಕ್ಕೊಳಗಾದವರಿಗಾಗಿ ‘ಸೇವಾಧಾಮ’ ಎಂಬ ಪುನಶ್ಚೇತನ ಕೇಂದ್ರವಿದೆ. ಪ್ರಸ್ತುತ ಲೇಖನವು ನಡೆಯುವಾಗ, ಏಳುವಾಗ, ಕೂರುವಾಗ ಆಗುವ ಬೀಳುವಿಕೆಗೆ ಸೀಮಿತವಾಗಿದೆ.

ಪ್ರದೇಶ ಮತ್ತು ಸಮುದಾಯಗಳು

ಮೂರು ತಾಲೂಕುಗಳ ಭೂರಚನೆ ಒಂದೇ ತೆರನಲ್ಲ. ನೇತ್ರಾವತಿ ಹರಿಯುವ ಬಂಟ್ವಾಳವು ಗದ್ದೆ ಬಯಲು ಹಾಗೂ ಮುರಕಲ್ಲಿನ ಗುಡ್ಡಗಳ ಪ್ರದೇಶ. ಜೈನ ಬಸದಿಗಳಿಗೆ ಹೆಸರಾದ ಮೂಡುಬಿದಿರೆಯೂ ಬಹುಮಟ್ಟಿಗೆ ಹಾಗೆಯೇ. ಬೆಳ್ತಂಗಡಿಯ ಪೂರ್ವದ ಗಡಿ ಪಶ್ಚಿಮ ಘಟ್ಟದ ಗೋಡೆ. ಚಾರ್ಮಾಡಿ, ನೆರಿಯ, ಮಲವಂತಿಗೆ, ಶಿಶಿಲ, ಸವಣಾಲು, ನಾವೂರು, ಕುತ್ಲೂರು ಮುಂತಾದ ಗ್ರಾಮಗಳು ಘಟ್ಟದ ಬುಡದಲ್ಲೂ ಇಳಿಜಾರಿನಲ್ಲೂ ಹರಡಿಕೊಂಡಿವೆ. ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಬೀಳುತ್ತದೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲಿ ಸುರಿಯುತ್ತದೆ.

ಕೊರಗರು ಕರ್ನಾಟಕದಲ್ಲಿ ವಿಶೇಷವಾಗಿ ದುರ್ಬಲವಾದ ಬುಡಕಟ್ಟು ಗುಂಪುಗಳೆಂದು ಗುರುತಿಸಲಾದ ಎರಡು ಸಮುದಾಯಗಳಲ್ಲಿ ಒಂದು. ಇನ್ನೊಂದು ಜೇನುಕುರುಬರದು. ಬಿದಿರು ಮತ್ತು ಕಾಡುಬಳ್ಳಿಗಳಿಂದ ಬುಟ್ಟಿ ಹೆಣೆಯುವುದು ಕೊರಗರ ಪಾರಂಪರಿಕ ಕಸುಬು, ಡೋಲು ಅವರ ವಾದ್ಯ. ತಮ್ಮದೇ ಭಾಷೆಯ ಜೊತೆಗೆ ತುಳುವನ್ನೂ ಅವರು ಆಡುತ್ತಾರೆ. ಅಸ್ಪೃಶ್ಯತೆಯ ಕ್ರೂರ ರೂಪವಾಗಿದ್ದ ಅಜಲು ಪದ್ಧತಿಯನ್ನು ಕರ್ನಾಟಕ ಸರಕಾರ 2000ದ ಕಾಯ್ದೆಯ ಮೂಲಕ ನಿಷೇಧಿಸಿತು. ಇಂದು ಎಪ್ಪತ್ತು ದಾಟಿರುವ ಕೊರಗ ಹಿರಿಯರು ಆ ಪದ್ಧತಿ ಜಾರಿಯಲ್ಲಿದ್ದ ಕಾಲದಲ್ಲೇ ಬದುಕಿನ ಬಹುಭಾಗವನ್ನು ಕಳೆದವರು. ಕಚೇರಿ, ಆಸ್ಪತ್ರೆಗಳ ಬಾಗಿಲಲ್ಲಿ ಅವರು ತೋರುವ ಹಿಂಜರಿಕೆಯನ್ನು ಈ ಹಿನ್ನೆಲೆಯಿಲ್ಲದೆ ಅರ್ಥಮಾಡಿಕೊಳ್ಳಲಾಗದು.

ಮಲೆಕುಡಿಯರು ಹೆಸರೇ ಹೇಳುವಂತೆ ಮಲೆಯ ನಿವಾಸಿಗಳು. ಅವರ ಮನೆಗಳು ಒತ್ತಟ್ಟಿಗೆ ಇರುವುದು ಕಡಿಮೆ. ಒಂದು ಮನೆಯಿಂದ ಇನ್ನೊಂದಕ್ಕೆ ಹೋಗಲು ತೊರೆ ದಾಟಬೇಕು, ಇಲ್ಲವೇ ಗುಡ್ಡ ಏರಬೇಕು. 1987ರಲ್ಲಿ ಘೋಷಣೆಯಾದ ಕುದುರೆಮುಖ ರಾಷ್ಟ್ರೀಯ ಉದ್ಯಾನದ ವ್ಯಾಪ್ತಿಯಲ್ಲಿಯೂ ಅವರ ಮನೆಗಳಿವೆ. ನೆರಿಯ ಗ್ರಾಮದ ಬಾಂಜಾರುಮಲೆ ಇಂತಹ ಒಳಪ್ರದೇಶದ ಜನವಸತಿ. 2024ರ ಲೋಕಸಭಾ ಚುನಾವಣೆಯಲ್ಲಿ ಅಲ್ಲಿನ ಮತಗಟ್ಟೆಯ 111 ಮತದಾರರೂ ಮತ ಚಲಾಯಿಸಿ ನೂರಕ್ಕೆ ನೂರು ಮತದಾನ ದಾಖಲಾದುದು ಸುದ್ದಿಯಾಗಿತ್ತು. ಮತಗಟ್ಟೆ ಮನೆಯ ಸಮೀಪಕ್ಕೆ ಬಂದರೆ ಮಲೆಯ ಹಿರಿಯರೂ ಅಲ್ಲಿಗೆ ಬರುತ್ತಾರೆ ಎಂಬುದಕ್ಕೆ ಅದೊಂದು ಸಾಕ್ಷಿ. ಆರೋಗ್ಯ ಸೇವೆಯ ವಿಷಯದಲ್ಲೂ ಇದನ್ನು ನೆನಪಿಡಬಹುದು. ಮೂರನೆಯ ಸಮುದಾಯವಾದ ಮರಾಟಿ ನಾಯ್ಕರು ಕೃಷಿಕರು. ಅವರ ಹಿರಿಯರ ಓಡಾಟ ಹೆಚ್ಚಾಗಿ ಗದ್ದೆಯ ಬದು, ತೋಟದ ಕಾಲುದಾರಿ ಮತ್ತು ಗುಡ್ಡದ ನಡುವಿನದು.

ಬೀಳುವಿಕೆಯ ಕಾರಣಗಳು

ಬೀಳುವಿಕೆಗೆ ಒಂದೇ ಕಾರಣವಿರುವುದು ಅಪರೂಪ. ಕಣ್ಣಿನ ಪೊರೆ, ಸೋತ ಕಾಲು, ಒದ್ದೆ ಮೆಟ್ಟಿಲು ಮೂರೂ ಒಂದೇ ಕ್ಷಣದಲ್ಲಿ ಸೇರಿದಾಗ ಮನುಷ್ಯ ಬೀಳುತ್ತಾನೆ. ಹೀಗಾಗಿ ಯಾವುದೋ ಒಂದನ್ನು ಸರಿಪಡಿಸಿದರೂ ಅಪಾಯ ಸ್ವಲ್ಪ ಕಡಿಮೆಯಾಗುತ್ತದೆ.

ಈ ಪ್ರದೇಶದ ಮಟ್ಟಿಗೆ ಮೊದಲು ಹೇಳಬೇಕಾದುದು ನೆಲದ ವಿಚಾರ. ಮುರಕಲ್ಲಿನ ಮೆಟ್ಟಿಲು ಬೇಸಗೆಯಲ್ಲಿ ಕಾಲಿಗೆ ಹಿಡಿತ ಕೊಡುತ್ತದೆ. ಮಳೆ ಹಿಡಿದು ಕೆಲವೇ ವಾರಗಳಲ್ಲಿ ಅದೇ ಕಲ್ಲಿನ ಮೇಲೆ ಹಾವಸೆ ಬೆಳೆದು ಗಾಜಿನಂತೆ ಜಾರತೊಡಗುತ್ತದೆ. ಮಣ್ಣಿನ ಅಂಗಳಕ್ಕೂ, ಸಿಮೆಂಟು ಬಳಿದ ಅಂಗಳಕ್ಕೂ ಇದೇ ಗತಿ. ಹಳ್ಳ ದಾಟಲು ಎರಡೋ ಮೂರೋ ಅಡಿಕೆ ಮರಗಳನ್ನು ಜೋಡಿಸಿ ಹಾಕಿದ ಸಂಕಕ್ಕೆ ಹಲವೆಡೆ ಕೈತಾಂಗು ಇರುವುದಿಲ್ಲ. ಇದ್ದರೂ ಅದು ಒಂದು ಬದಿಗೆ ಕಟ್ಟಿದ ಬಿದಿರು ಅಥವಾ ಹಗ್ಗ ಮಾತ್ರ. ಅಡಿಕೆ ಮರ ಒಂದೆರಡು ಮಳೆಗಾಲ ಕಳೆಯುವಷ್ಟರಲ್ಲಿ ಒಳಗೇ ಕುಂಬಾಗುತ್ತದೆ, ಹೊರಗಿನಿಂದ ನೋಡಿದರೆ ತಿಳಿಯುವುದಿಲ್ಲ. 2019ರ ಆಗಸ್ಟ್‌ನಲ್ಲಿ ಬೆಳ್ತಂಗಡಿ ತಾಲೂಕಿನ ಘಟ್ಟದ ಬುಡದ ಗ್ರಾಮಗಳಲ್ಲಿ ಉಂಟಾದ ನೆರೆ ಮತ್ತು ಭೂಕುಸಿತದಲ್ಲಿ ಸೇತುವೆ, ಸಂಕಗಳು ಕೊಚ್ಚಿಹೋದಾಗ ಊರುಗಳ ನಡುವಿನ ನಡಿಗೆಯ ದಾರಿಯೇ ಇಲ್ಲವಾಗಿತ್ತು.

ತಲೆಹೊರೆ ಇನ್ನೊಂದು ಕಾರಣ. ಸೊಪ್ಪು, ಕಟ್ಟಿಗೆ, ಬಿದಿರು, ಪಡಿತರ ಅಕ್ಕಿ ಯಾವುದೇ ಇರಲಿ, ತಲೆಯ ಮೇಲೆ ಹೊರೆಯಿದ್ದಾಗ ಕತ್ತು ಬಗ್ಗಿಸಿ ಕಾಲಬುಡ ನೋಡಲಾಗುವುದಿಲ್ಲ. ಮಳೆಗೆ ಹೊದೆಯುವ ಗೊರಬೆ ಅಥವಾ ಪ್ಲಾಸ್ಟಿಕ್ ಹೊದಿಕೆಯೂ ಬದಿಯ ನೋಟವನ್ನು ಮರೆಮಾಡುತ್ತದೆ. ಬರಿಗಾಲು ಹಾವಸೆಯ ಮೇಲೆ ಒಳ್ಳೆಯ ಹಿಡಿತ ಕೊಟ್ಟರೂ ಮುಳ್ಳು, ಉಂಬಳ, ಹಾವುಗಳ ಭಯವಿದೆ. ಅಡಿ ಸವೆದ ಹವಾಯಿ ಚಪ್ಪಲಿ ಇವೆರಡಕ್ಕಿಂತಲೂ ಕೆಟ್ಟದು, ಏಕೆಂದರೆ ಅದು ಕಲ್ಲಿನ ಮೇಲೆ ಜಾರುವುದಲ್ಲದೆ ಕಾಲಿನಿಂದಲೂ ಕಳಚಿಕೊಳ್ಳುತ್ತದೆ.

ಮನೆಯೊಳಗಿನ ಅಪಾಯಗಳು ಬೇರೆ ಕಡೆಯಂತೆಯೇ: ಎತ್ತರದ ಹೊಸ್ತಿಲು, ಮಂದ ಬೆಳಕು, ಒದ್ದೆ ಬಚ್ಚಲು. ವಿದ್ಯುತ್ ಬಾರದ ಮನೆಗಳಲ್ಲಿ ಸೌರದೀಪ, ಕೆಲವೆಡೆ ತೊರೆಯ ನೀರಿನಿಂದ ನಡೆಯುವ ಸಣ್ಣ ಜನರೇಟರ್‌ಗಳು ಬಳಕೆಯಲ್ಲಿವೆ. ಇವುಗಳ ಬೆಳಕು ಅಂಗಳದಾಚೆಯ ಶೌಚಾಲಯದವರೆಗೆ ಸಾಮಾನ್ಯವಾಗಿ ತಲಪುವುದಿಲ್ಲ. ರಾತ್ರಿ ಎದ್ದು ಹೊರಗೆ ಹೋಗುವಾಗಿನ ಆ ಹತ್ತು ಹೆಜ್ಜೆಗಳು ಹಿರಿಯರ ಪಾಲಿಗೆ ದಿನದ ಅತ್ಯಂತ ಕಷ್ಟದ ನಡಿಗೆಯಾಗಿರಬಹುದು. ಸೆಗಣಿ ಸಾರಿಸಿದ ನೆಲದ ಮೇಲೆ ನಡೆದು ಅಭ್ಯಾಸವಾದವರಿಗೆ ಹೊಸ ಮನೆಯ ನುಣುಪಾದ ಟೈಲ್ಸ್ ನೆಲ, ಅದರಲ್ಲೂ ಒದ್ದೆಯಾದಾಗ, ಹೊಸ ತೊಂದರೆ ತರುತ್ತದೆ.

ದೇಹದ ಕಡೆಯಿಂದ ನೋಡಿದರೆ ಸ್ನಾಯುಗಳು ಕ್ಷಯಿಸುವುದು, ಮಂಡಿ ಸವೆತ, ಕಣ್ಣಿನ ಪೊರೆ, ರಕ್ತಹೀನತೆ, ಮಧುಮೇಹದಿಂದ ಪಾದ ಜೋಮು ಹಿಡಿಯುವುದು ಮುಖ್ಯ ಕಾರಣಗಳು. ಎದ್ದು ನಿಂತ ಮೂರು ನಿಮಿಷಗಳೊಳಗೆ ರಕ್ತದೊತ್ತಡದ ಮೇಲಿನ ಅಂಕಿ 20 ಅಥವಾ ಕೆಳಗಿನ ಅಂಕಿ 10ರಷ್ಟು ಇಳಿದರೆ ತಲೆಸುತ್ತು ಬಂದು ಬೀಳುವ ಸಂಭವವಿದೆ. ರಕ್ತದೊತ್ತಡದ ಕೆಲವು ಮಾತ್ರೆಗಳು ಮತ್ತು ನಿದ್ರೆಮಾತ್ರೆಗಳು ಇದನ್ನು ಹೆಚ್ಚಿಸುತ್ತವೆ. ಮದ್ಯಪಾನ ಎಲ್ಲ ಸಮುದಾಯಗಳಲ್ಲಿಯೂ ಅಪಾಯಕಾರಿ, ಬುಡಕಟ್ಟು ಜನರ ಬೀಳುವಿಕೆಯನ್ನೆಲ್ಲ ಅದರ ತಲೆಗೇ ಕಟ್ಟುವುದು ಸರಿಯಲ್ಲ.

ವಯಸ್ಸಿನ ಲೆಕ್ಕವೂ ಇಲ್ಲಿ ಸ್ವಲ್ಪ ಬೇರೆ. ವೈದ್ಯ ಅಭಯ್ ಬಂಗ್ ಅಧ್ಯಕ್ಷತೆಯ ತಜ್ಞರ ಸಮಿತಿ 2018ರಲ್ಲಿ ಸಲ್ಲಿಸಿದ ಬುಡಕಟ್ಟು ಆರೋಗ್ಯ ವರದಿಯಂತೆ, ಭಾರತದ ಪರಿಶಿಷ್ಟ ಪಂಗಡಗಳ ಸರಾಸರಿ ಜೀವಿತಾವಧಿ 63.9 ವರ್ಷ, ಸಾಮಾನ್ಯ ಜನಸಂಖ್ಯೆಯದು 67 ವರ್ಷ. ಬಾಲ್ಯದಿಂದಲೇ ಕಷ್ಟದ ದುಡಿಮೆ, ಅರೆಹೊಟ್ಟೆಯ ಊಟ ಕಂಡ ದೇಹ ಐವತ್ತೈದಕ್ಕೇ ಮುಪ್ಪಿನ ಲಕ್ಷಣ ತೋರಬಹುದು. 60 ಅಥವಾ 65 ವರ್ಷವನ್ನು ಗೆರೆಯಾಗಿಟ್ಟುಕೊಂಡು ನಡೆಸುವ ತಪಾಸಣೆಗಳು ಇಂಥವರನ್ನು ಹೊರಗಿಡುತ್ತವೆ.

ಓಡಾಟದ ಪರೀಕ್ಷೆಗಳು

ಬೀಳುವ ಅಪಾಯವನ್ನು ಅಳೆಯಲು ಜಗತ್ತಿನಾದ್ಯಂತ ಬಳಕೆಯಲ್ಲಿರುವ ಪರೀಕ್ಷೆಗಳಲ್ಲಿ 1991ರಲ್ಲಿ ಪ್ರಕಟವಾದ ‘ಟೈಮ್ಡ್ ಅಪ್ ಆಂಡ್ ಗೋ’ ಹೆಚ್ಚು ಪ್ರಸಿದ್ಧ. ಕುರ್ಚಿಯಿಂದ ಎದ್ದು, 3 ಮೀಟರ್ ನಡೆದು, ತಿರುಗಿ ಬಂದು ಕೂರಲು ತಗಲುವ ಸಮಯವನ್ನು ಅದರಲ್ಲಿ ಎಣಿಸುತ್ತಾರೆ. 12 ಸೆಕೆಂಡ್ ಅಥವಾ ಹೆಚ್ಚು ಬೇಕಾದರೆ ಅಪಾಯವಿದೆಯೆಂದು ಅಮೆರಿಕದ ರೋಗ ನಿಯಂತ್ರಣ ಕೇಂದ್ರದ ಕೈಪಿಡಿ ಹೇಳುತ್ತದೆ. 2022ರ ಜಾಗತಿಕ ಮಾರ್ಗಸೂಚಿಯ ಗೆರೆ 15 ಸೆಕೆಂಡ್. ಇದೇ ಮಾರ್ಗಸೂಚಿ ನಡಿಗೆಯ ವೇಗ ಸೆಕೆಂಡಿಗೆ 0.8 ಮೀಟರ್ ಅಥವಾ ಅದಕ್ಕಿಂತ ಕಡಿಮೆಯಿದ್ದರೆ ಎಚ್ಚರ ವಹಿಸಬೇಕೆನ್ನುತ್ತದೆ, ಅಂದರೆ 4 ಮೀಟರ್ ನಡೆಯಲು 5 ಸೆಕೆಂಡ್ ಅಥವಾ ಹೆಚ್ಚು ತಗಲುವುದು. ಅರ್ಧ ನಿಮಿಷದಲ್ಲಿ ಎಷ್ಟು ಬಾರಿ ಕುರ್ಚಿಯಿಂದ ಎದ್ದು ಕೂರಬಲ್ಲರು, ಒಂದು ಪಾದದ ಹಿಮ್ಮಡಿಗೆ ಇನ್ನೊಂದರ ಬೆರಳು ತಾಗಿಸಿ 10 ಸೆಕೆಂಡ್ ನಿಲ್ಲಬಲ್ಲರೇ ಎಂಬವು ಸಮತೋಲ ಮತ್ತು ಕಾಲಿನ ಬಲವನ್ನು ಅಳೆಯುವ ಇನ್ನೆರಡು ಪರೀಕ್ಷೆಗಳು.

ಈ ಪರೀಕ್ಷೆಗಳು ಕುರ್ಚಿ ಮತ್ತು ಸಮತಟ್ಟು ನೆಲವಿರುವ ಲೋಕದಲ್ಲಿ ಹುಟ್ಟಿದವು. ಜೀವನವಿಡೀ ಚಾಪೆ, ಮಣೆ, ಜಗುಲಿಯ ಮೇಲೆ ಕುಳಿತವರಿಗೆ ಕುರ್ಚಿಯೇ ಅಪರಿಚಿತ ವಸ್ತುವಾಗಿರಬಹುದು. ಕುಕ್ಕರಗಾಲಿನಲ್ಲಿ ಗಂಟೆಗಟ್ಟಲೆ ಕುಳಿತು ಬುಟ್ಟಿ ಹೆಣೆಯುವ ಕೊರಗ ಅಜ್ಜಿಯೊಬ್ಬರು ಕುರ್ಚಿಯ ಪರೀಕ್ಷೆಯಲ್ಲಿ ಸುಲಭವಾಗಿ ಗೆದ್ದು, ಮಳೆಯಲ್ಲಿ ಬಚ್ಚಲಿಗೆ ಹೋಗುವಾಗ ಬೀಳಬಹುದು. ಆಸ್ಪತ್ರೆಯ ನುಣುಪು ನೆಲದ ಮೇಲೆ ತಡವರಿಸುವ ಮಲೆಕುಡಿಯ ಹಿರಿಯರು ತಮ್ಮ ಗುಡ್ಡದ ದಾರಿಯಲ್ಲಿ ಸಲೀಸಾಗಿ ನಡೆಯುವುದೂ ಸಾಧ್ಯ. ಭಯವನ್ನು ಅಳೆಯಲು 1990ರಲ್ಲಿ ರೂಪಿಸಿದ ಪ್ರಶ್ನಾವಳಿಯ ಮೊದಲ ರೂಪದಲ್ಲಿ ಕಪಾಟಿಗೆ ಕೈಚಾಚುವುದು, ದೂರವಾಣಿಗೆ ಓಗೊಡಲು ಹೋಗುವುದು ಮುಂತಾದ ಕೆಲಸಗಳಿದ್ದವು. 2005ರ ಪರಿಷ್ಕೃತ ರೂಪದಲ್ಲಿ ಜಾರುವ ನೆಲ ಮತ್ತು ಇಳಿಜಾರಿನ ನಡಿಗೆ ಸೇರಿಕೊಂಡುದರಿಂದ ಅದು ಇಲ್ಲಿಗೆ ಹೆಚ್ಚು ಹೊಂದುತ್ತದೆ. ಸಂಕ ದಾಟುವುದನ್ನೂ ಹೊರೆ ಹೊತ್ತು ಇಳಿಯುವುದನ್ನೂ ಕೇಳದಿದ್ದರೆ ಅದೂ ಅಪೂರ್ಣವೇ.

ನೆಲದಿಂದ ಏಳುವ ಶಕ್ತಿಯನ್ನು ಅಳೆಯುವ ಪರೀಕ್ಷೆಯೊಂದನ್ನು ಬ್ರೆಜಿಲ್‌ನ ವೈದ್ಯರು ರೂಪಿಸಿದ್ದಾರೆ. ನೆಲಕ್ಕೆ ಕೂರಲು 5, ಏಳಲು 5, ಒಟ್ಟು 10 ಅಂಕ. ಕೈ, ಮಂಡಿ ಊರಿದಷ್ಟೂ ಅಂಕ ಇಳಿಯುತ್ತದೆ. 51ರಿಂದ 80 ವರ್ಷದ 2,002 ಮಂದಿಯ ಮೇಲಿನ ಅಧ್ಯಯನ 2012ರಲ್ಲಿ ಪ್ರಕಟವಾಯಿತು. ಅದು ಆಯುಸ್ಸಿನೊಂದಿಗಿನ ಸಂಬಂಧವನ್ನು ನೋಡಿದ ಅಧ್ಯಯನವೇ ಹೊರತು ಬೀಳುವಿಕೆಯದಲ್ಲ. ಆದರೂ ನೆಲದ ಮೇಲೆ ಕೂತು, ಉಂಡು, ಮಲಗುವ ಜನರಿಗೆ ಈ ಬಗೆಯ ಅಳತೆ ಕುರ್ಚಿಗಿಂತ ಸಹಜ.

ಉಪಕರಣವೇ ಇಲ್ಲದೆ ಆಶಾ ಕಾರ್ಯಕರ್ತೆಯೊಬ್ಬರು ಮನೆಯಲ್ಲೇ ಕೇಳಬಹುದಾದ ಮೂರು ಪ್ರಶ್ನೆಗಳನ್ನು 2022ರ ಮಾರ್ಗಸೂಚಿ ಸೂಚಿಸಿದೆ: ಕಳೆದ ಒಂದು ವರ್ಷದಲ್ಲಿ ಬಿದ್ದಿದ್ದೀರಾ, ನಿಂತಾಗ ಅಥವಾ ನಡೆವಾಗ ಆಯ ತಪ್ಪಿದಂತಾಗುತ್ತದೆಯೇ, ಬೀಳುವ ಭಯವಿದೆಯೇ. ತುಳು ಮಾತಾಡುವ ಹಿರಿಯರಿಗೆ ಇವನ್ನು ತುಳುವಿನಲ್ಲೇ ಕೇಳಬೇಕಾದುದು ಮುಖ್ಯ. ‘ಒಂದು ವರ್ಷದಲ್ಲಿ’ ಎನ್ನುವುದಕ್ಕಿಂತ ‘ಹೋದ ಮಳೆಗಾಲದಿಂದ ಈಚೆಗೆ’ ಎಂದು ಕೇಳಿದರೆ ನೆನಪು ಹೆಚ್ಚು ಸರಿಯಾಗಿ ಬರುತ್ತದೆ. ಜಾರಿ ಬಿದ್ದುದನ್ನು ‘ಬಿದ್ದದ್ದು’ ಎಂದು ಎಣಿಸದವರೂ ಇರುವುದರಿಂದ ಜಾರಿದಿರಾ, ಎಡವಿದಿರಾ ಎಂದು ಬಿಡಿಸಿ ಕೇಳುವುದು ಒಳಿತು.

ತಡೆಯುವ ಕ್ರಮಗಳು

ಬೀಳುವಿಕೆ ತಡೆಯಲ್ಲಿ ಅತ್ಯಂತ ಗಟ್ಟಿಯಾದ ಪುರಾವೆ ಇರುವುದು ವ್ಯಾಯಾಮಕ್ಕೆ. 108 ಪ್ರಯೋಗಗಳನ್ನು ಒಟ್ಟುಗೂಡಿಸಿದ 2019ರ ಕಾಕ್ರೇನ್ ವಿಮರ್ಶೆಯ ಪ್ರಕಾರ ವ್ಯಾಯಾಮವು ಬೀಳುವಿಕೆಯ ಪ್ರಮಾಣವನ್ನು ಶೇ. 23ರಷ್ಟು ತಗ್ಗಿಸುತ್ತದೆ. ನ್ಯೂಜಿಲೆಂಡ್‌ನ ಒಟಾಗೊ ಕಾರ್ಯಕ್ರಮ ಮನೆಯಲ್ಲೇ ಮಾಡುವ ಸಮತೋಲ ಮತ್ತು ಕಾಲಿನ ಬಲದ ವ್ಯಾಯಾಮಗಳಿಗೆ ಹೆಸರಾಗಿದೆ. ಬರಿಯ ನಡಿಗೆ ಇದಕ್ಕೆ ಸಾಲದು, ಸಮತೋಲಕ್ಕೆ ಸವಾಲೊಡ್ಡುವ ಚಲನೆಗಳು ಬೇಕು. ದುಡಿಯುವ ಜನರಿಗೆ ವ್ಯಾಯಾಮವೇಕೆ ಎಂಬ ಪ್ರಶ್ನೆ ಸಹಜ. ಬುಟ್ಟಿ ಹೆಣೆಯುವವರ ಕೈಗೆ ಕೆಲಸವಿದ್ದರೂ ಕಾಲು ಮಡಚಿಯೇ ಇರುತ್ತದೆ. ಗುಡ್ಡ ಹತ್ತುವವರಿಗೆ ತೊಡೆಯ ಬಲವಿದ್ದರೂ ಮಂಡಿ ನೋವು ಬಂದ ದಿನದಿಂದ ಅದು ಬೇಗ ಕುಸಿಯುತ್ತದೆ. ಜಗುಲಿಯ ಅಂಚಿನಿಂದ ಕೈಯೂರದೆ ಹತ್ತು ಬಾರಿ ಏಳುವುದು, ಕಂಬ ಹಿಡಿದು ತುದಿಗಾಲಲ್ಲಿ ನಿಲ್ಲುವುದು, ಅಂಗಳದ ಗೆರೆಯ ಮೇಲೆ ಹಿಮ್ಮಡಿಗೆ ಬೆರಳು ತಾಗಿಸಿ ನಡೆಯುವುದು, ಗೋಡೆಯ ಪಕ್ಕ ಒಂಟಿಕಾಲಲ್ಲಿ ನಿಲ್ಲುವುದು — ಇವಕ್ಕೆ ಯಾವ ಸಲಕರಣೆಯೂ ಬೇಡ. ಮಳೆಗಾಲದಲ್ಲಿ ಹೊರಗೆ ಓಡಾಟ ಕಡಿಮೆಯಾಗುವ ತಿಂಗಳುಗಳಲ್ಲಿ ಇವು ಹೆಚ್ಚು ಅಗತ್ಯ.

ನೆಲವನ್ನು ಜಾರದಂತೆ ಮಾಡುವ ಉಪಾಯಗಳು ಊರಿನಲ್ಲೇ ಇವೆ. ಮಳೆಗಾಲದ ಅಂಗಳಕ್ಕೆ ತೆಂಗಿನ ಮಡಲು ಹಾಸುವುದು, ಓಡಾಟದ ದಾರಿಗೆ ಅಡಿಕೆ ಮರದ ದಬ್ಬೆ ಅಡ್ಡಲಾಗಿ ಜೋಡಿಸುವುದು ಕರಾವಳಿಯ ಹಳೆಯ ಪದ್ಧತಿ. ಬ್ಲೀಚಿಂಗ್ ಪುಡಿ ಹಾಕಿ ಹಾವಸೆ ಉಜ್ಜಿ ತೆಗೆಯುವುದು ಈಚಿನದು. ಮಡಲನ್ನು ಕೊಳೆಯುವ ಮುನ್ನ ಬದಲಿಸಬೇಕು, ಇಲ್ಲವಾದರೆ ಅದೇ ಜಾರುತ್ತದೆ. ಶೌಚಾಲಯ ಮತ್ತು ಬಚ್ಚಲಿಗೆ ಹೋಗುವ ದಾರಿಯ ಒಂದು ಬದಿಗೆ ಸೊಂಟದೆತ್ತರಕ್ಕೆ ಬಿದಿರಿನ ಅಥವಾ ಕಬ್ಬಿಣದ ಕೊಳವೆಯ ಕೈತಾಂಗು ಕಟ್ಟುವುದು ಅತಿ ಕಡಿಮೆ ವೆಚ್ಚದಲ್ಲಿ ಅತಿ ಹೆಚ್ಚು ಫಲ ಕೊಡುವ ಕೆಲಸ. ಭಾರತೀಯ ಶೈಲಿಯ ಶೌಚಾಲಯದ ಗೋಡೆಗೆ ಒಂದು ಹಿಡಿ ಜೋಡಿಸಿದರೆ ಮಂಡಿ ನೋವಿನವರಿಗೂ ಏಳಲು ಆಸರೆಯಾಗುತ್ತದೆ. ಹೊಸ್ತಿಲು, ಮೆಟ್ಟಿಲಿನ ಅಂಚಿಗೆ ಸುಣ್ಣದ ಬಿಳಿ ಗೆರೆ ಎಳೆದರೆ ಪೊರೆ ಬಂದ ಕಣ್ಣಿಗೂ ಅದು ಕಾಣುತ್ತದೆ. ಪೊರೆಯ ಶಸ್ತ್ರಚಿಕಿತ್ಸೆಯೇ ಬೀಳುವಿಕೆಯನ್ನು ಕಡಿಮೆ ಮಾಡುವ ಚಿಕಿತ್ಸೆಗಳಲ್ಲೊಂದು. ಜಿಲ್ಲೆಯಲ್ಲಿ ಅದು ಉಚಿತವಾಗಿ ದೊರೆಯುತ್ತದಾದರೂ ಗುಡ್ಡದ ಮೇಲಿನವರನ್ನು ಶಿಬಿರಕ್ಕೆ ಕರೆತಂದು ಮತ್ತೆ ಮನೆಗೆ ತಲಪಿಸುವ ಏರ್ಪಾಡು ಜೊತೆಗಿರಬೇಕು.

ಊರುಗೋಲಿನ ಬಗ್ಗೆ ಒಂದು ಮಾತು. ಸರಕಾರದ ಶಿಬಿರಗಳಲ್ಲಿ ಕೊಡುವ ಅಲ್ಯೂಮಿನಿಯಂ ಕೋಲು ಮತ್ತು ನಾಲ್ಕು ಕಾಲಿನ ವಾಕರ್ ಸಮತಟ್ಟು ನೆಲಕ್ಕೆ ಒಳ್ಳೆಯವು. ಇಳಿಜಾರಿನ ಕೆಸರುದಾರಿಯಲ್ಲಿ ವಾಕರ್ ನಿಲ್ಲುವುದೇ ಇಲ್ಲ. ಅಲ್ಲಿ ಕಾಡಿನ ಗಟ್ಟಿ ಮರದಿಂದ ಎದೆಯೆತ್ತರಕ್ಕೆ ಕಡಿದ ದೊಣ್ಣೆಯೇ ಇಳಿಯುವಾಗ ಮುಂದೆ ಊರಲು ಅನುಕೂಲ. ಸಮತಟ್ಟು ನೆಲಕ್ಕೆ ಬಳಸುವ ಕೋಲಿನ ಹಿಡಿ ಕೈ ಇಳಿಬಿಟ್ಟಾಗ ಮಣಿಕಟ್ಟಿನ ಎತ್ತರಕ್ಕೆ ಬರಬೇಕು, ತುದಿಯ ರಬ್ಬರ್ ಸವೆದರೆ ಬದಲಿಸಬೇಕು, ನೋವಿರುವ ಕಾಲಿನ ಎದುರು ಬದಿಯ ಕೈಯಲ್ಲಿ ಅದನ್ನು ಹಿಡಿಯಬೇಕು.

ಮನೆಯಿಂದಾಚೆಯ ದಾರಿ ಮಾತ್ರ ಒಬ್ಬಿಬ್ಬರ ಕೈಯಲ್ಲಿಲ್ಲ. ದಕ್ಷಿಣ ಕನ್ನಡದಲ್ಲಿ ತೂಗುಸೇತುವೆಗಳಿಗೆ ದೊಡ್ಡ ಇತಿಹಾಸವಿದೆ. ಸುಳ್ಯದ ಗಿರೀಶ್ ಭಾರದ್ವಾಜ್ 1989ರಲ್ಲಿ ಅರಂಬೂರಿನಲ್ಲಿ ಪಯಸ್ವಿನಿಗೆ ಕಟ್ಟಿದ ತೂಗುಸೇತುವೆಯಿಂದ ಆರಂಭಿಸಿ ನೂರಕ್ಕೂ ಹೆಚ್ಚು ಸೇತುವೆಗಳನ್ನು ನಿರ್ಮಿಸಿದರು. 2017ರಲ್ಲಿ ಅವರಿಗೆ ಪದ್ಮಶ್ರೀ ಪ್ರಶಸ್ತಿ ಸಂದಿತು. ಮಲೆನಾಡು ಮತ್ತು ಕರಾವಳಿಯ ಶಾಲಾ ಮಕ್ಕಳಿಗಾಗಿ ‘ಶಾಲಾ ಸಂಪರ್ಕ ಸೇತು’ ಯೋಜನೆಯಡಿ ಕಾಲುಸಂಕಗಳು ನಿರ್ಮಾಣವಾಗಿವೆ. ಮಕ್ಕಳಿಗೆಂದು ಕಟ್ಟಿದ ಸಂಕ ಹಿರಿಯರಿಗೂ ಆಗುತ್ತದೆ, ಎರಡೂ ಬದಿಗೆ ಕೈತಾಂಗು ಹಾಗೂ ಹತ್ತಿಳಿಯುವಲ್ಲಿ ತಗ್ಗಾದ ಮೆಟ್ಟಿಲುಗಳಿದ್ದರೆ. ಅರಣ್ಯದೊಳಗಿನ ಜನವಸತಿಗಳಿಗೆ 2006ರ ಅರಣ್ಯ ಹಕ್ಕು ಕಾಯ್ದೆಯ 3(2)ನೇ ಕಲಂ ಮುಖ್ಯವಾದುದು. ರಸ್ತೆ, ಚಿಕಿತ್ಸಾಲಯ, ಅಂಗನವಾಡಿ, ನ್ಯಾಯಬೆಲೆ ಅಂಗಡಿ ಮುಂತಾದ ಸೌಕರ್ಯಗಳಿಗಾಗಿ, ಪ್ರತಿಯೊಂದಕ್ಕೆ ಒಂದು ಹೆಕ್ಟೇರಿಗಿಂತ ಕಡಿಮೆ ಅರಣ್ಯಭೂಮಿಯನ್ನು, ಹೆಕ್ಟೇರಿಗೆ 75ಕ್ಕಿಂತ ಹೆಚ್ಚು ಮರ ಕಡಿಯದಂತೆ, ಗ್ರಾಮಸಭೆಯ ಶಿಫಾರಸಿನ ಮೇರೆಗೆ ಬಳಸಲು ಅದು ಅವಕಾಶ ನೀಡುತ್ತದೆ. ಬೀಳುವಿಕೆ ತಡೆಯ ಕೈಪಿಡಿಗಳಲ್ಲಿ ಈ ಕಲಂ ಕಾಣಸಿಗುವುದಿಲ್ಲ. ಮಲೆಕುಡಿಯ ಹಿರಿಯರ ಮಟ್ಟಿಗೆ ಅದು ಯಾವುದೇ ವ್ಯಾಯಾಮ ಪಟ್ಟಿಯಷ್ಟೇ ಮುಖ್ಯ.

ಬಿದ್ದ ಬಳಿಕ

ಹಿರಿಯರು ಬಿದ್ದಾಗ ಕೂಡಲೇ ಕೈಹಿಡಿದು ಎಳೆದು ನಿಲ್ಲಿಸಬಾರದು. ನೋವೆಲ್ಲಿದೆ ಎಂದು ಕೇಳಿ, ಕಾಲು ಅಲುಗಾಡಿಸಲಾಗುತ್ತದೆಯೇ ಎಂದು ನೋಡಬೇಕು. ಪೆಟ್ಟಾಗದಿದ್ದರೆ ಅವರು ಒಂದು ಮಗ್ಗುಲಿಗೆ ಹೊರಳಿ, ಕೈಮಂಡಿಗಳ ಮೇಲೆ ಎದ್ದು, ತೆವಳಿ ಜಗುಲಿಯನ್ನೋ ಗಟ್ಟಿಯಾದ ಬೆಂಚನ್ನೋ ಹಿಡಿದು ನಿಧಾನವಾಗಿ ಏಳಬಹುದು. ಈ ಕ್ರಮವನ್ನು ಮೊದಲೇ ಅಭ್ಯಾಸ ಮಾಡಿಸಿರುವುದು ಒಂಟಿಯಾಗಿರುವವರಿಗೆ ವಿಶೇಷವಾಗಿ ಉಪಯುಕ್ತ. ಒಂದು ಗಂಟೆಗಿಂತ ಹೆಚ್ಚು ಹೊತ್ತು ನೆಲದಲ್ಲೇ ಬಿದ್ದಿರಬೇಕಾಗಿ ಬಂದರೆ ಅದನ್ನು ಗಂಭೀರ ಅಪಾಯದ ಲಕ್ಷಣವೆಂದು ಪರಿಗಣಿಸಲಾಗುತ್ತದೆ.

ಕಾಲು ಗಿಡ್ಡವಾದಂತೆ ಕಂಡು ಪಾದ ಹೊರಕ್ಕೆ ತಿರುಗಿದ್ದರೆ, ತೊಡೆಸಂದಿನಲ್ಲಿ ತೀವ್ರ ನೋವಿದ್ದರೆ ತೊಡೆಮೂಳೆಯ ಮೇಲ್ತುದಿ ಮುರಿದಿರುವ ಸಂಭವ ಹೆಚ್ಚು. ಇಂತಹ ಮುರಿತಕ್ಕೆ ಎಣ್ಣೆ ತಿಕ್ಕುವುದರಿಂದ, ಪಟ್ಟು ಕಟ್ಟುವುದರಿಂದ ಪ್ರಯೋಜನವಿಲ್ಲ. ಸಾಧ್ಯವಾದಷ್ಟು ಬೇಗ, ಎರಡು ದಿನಗಳೊಳಗೆ ಶಸ್ತ್ರಚಿಕಿತ್ಸೆಯಾಗುವುದು ಉತ್ತಮ. ತಡವಾದಷ್ಟೂ ಹಾಸಿಗೆ ಹುಣ್ಣು, ನ್ಯುಮೋನಿಯಾ, ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವಿಕೆಯ ಅಪಾಯ ಹೆಚ್ಚುತ್ತದೆ. ರಸ್ತೆಯಿಲ್ಲದ ಕಡೆಗಳಲ್ಲಿ ರೋಗಿಗಳನ್ನು ಕಂಬಳಿಯ ಜೋಲಿಯಲ್ಲಿ ಅಥವಾ ಬಿದಿರಿಗೆ ಕಟ್ಟಿದ ಕುರ್ಚಿಯಲ್ಲಿ ಹೊತ್ತು ತರುವುದು ರೂಢಿ. ಸೊಂಟ ಅಥವಾ ಬೆನ್ನಿಗೆ ಪೆಟ್ಟಾದವರನ್ನು ಕುರ್ಚಿಯಲ್ಲಿ ಕೂರಿಸುವುದಕ್ಕಿಂತ, ಎರಡೂ ಕಾಲುಗಳ ನಡುವೆ ಬಟ್ಟೆಯ ಸುರುಳಿಯಿಟ್ಟು ಒಟ್ಟಿಗೆ ಕಟ್ಟಿ, ಏಣಿ ಅಥವಾ ಹಲಗೆಯ ಮೇಲೆ ಮಲಗಿಸಿ ತರುವುದು ಸುರಕ್ಷಿತ. ರಸ್ತೆ ಸೇರಿದ ಮೇಲೆ 108 ಆಂಬುಲೆನ್ಸ್ ದೊರೆಯುತ್ತದೆ. ಬಂಟ್ವಾಳ ಮತ್ತು ಬೆಳ್ತಂಗಡಿಯಲ್ಲಿ ತಾಲೂಕು ಆಸ್ಪತ್ರೆ, ಮೂಡುಬಿದಿರೆಯಲ್ಲಿ ಸಮುದಾಯ ಆರೋಗ್ಯ ಕೇಂದ್ರವಿದೆ. 1848ರಲ್ಲಿ ಆರಂಭವಾದ ಮಂಗಳೂರಿನ ವೆನ್ಲಾಕ್ ಜಿಲ್ಲಾ ಆಸ್ಪತ್ರೆಗೆ ಬೆಳ್ತಂಗಡಿಯಿಂದ ಸುಮಾರು 60 ಕಿಲೋಮೀಟರ್. ಘಟ್ಟದ ಇಳಿಜಾರಿನಿಂದ ಬರುವವರಿಗೆ ಇದರ ಮೇಲೆ ನಡಿಗೆಯ ದಾರಿಯೂ ಸೇರುತ್ತದೆ.

ಮುರಿತ ವಾಸಿಯಾದರೂ ಭಯ ಉಳಿಯುತ್ತದೆ. ಒಮ್ಮೆ ಬಿದ್ದವರನ್ನು ‘ಅಜ್ಜ, ನೀವು ಏಳುವುದು ಬೇಡ’ ಎಂದು ಕೂರಿಸುವುದು ಮನೆಯವರ ಪ್ರೀತಿಯೇ ಸರಿ. ಆದರೆ ಕೆಲವೇ ವಾರಗಳ ವಿಶ್ರಾಂತಿಯಿಂದ ವೃದ್ಧರ ಕಾಲಿನ ಸ್ನಾಯು ಕುಗ್ಗಿ, ಮತ್ತೆ ಬೀಳುವ ಸಂಭವ ಹೆಚ್ಚುತ್ತದೆ. ಶಸ್ತ್ರಚಿಕಿತ್ಸೆಯ ಮರುದಿನದಿಂದಲೇ ನಿಲ್ಲಿಸಿ ನಡೆಸುವುದು ಇಂದಿನ ಕ್ರಮ. ಮನೆಗೆ ಬಂದ ಮೇಲೆ ಅದನ್ನು ಮುಂದುವರಿಸುವವರು ಯಾರು ಎಂಬುದೇ ಕಷ್ಟದ ಪ್ರಶ್ನೆ. ಮೂಡುಬಿದಿರೆ, ಮಂಗಳೂರು, ದೇರಳಕಟ್ಟೆಗಳಲ್ಲಿ ಫಿಸಿಯೋಥೆರಪಿ ಕಾಲೇಜುಗಳಿವೆ. ಈ ವಿಷಯದಲ್ಲಿ ಜಿಲ್ಲೆಗೆ ತರಬೇತಾದವರ ಕೊರತೆಯಿಲ್ಲ, ಅವರು ಮತ್ತು ಗುಡ್ಡದ ಮನೆಗಳ ನಡುವಿನ ದಾರಿಯೇ ದೂರ.

ಸರಕಾರಿ ಯೋಜನೆಗಳು

ಕೇಂದ್ರ ಸರಕಾರವು 2010–11ರಲ್ಲಿ ಆರಂಭಿಸಿದ ರಾಷ್ಟ್ರೀಯ ವೃದ್ಧರ ಆರೋಗ್ಯ ಆರೈಕೆ ಕಾರ್ಯಕ್ರಮದಡಿ ಜಿಲ್ಲಾ ಆಸ್ಪತ್ರೆಯಲ್ಲಿ ವೃದ್ಧರ ವಾರ್ಡ್, ಫಿಸಿಯೋಥೆರಪಿ ಸೇವೆ ಹಾಗೂ ಹಾಸಿಗೆ ಹಿಡಿದವರ ಮನೆಭೇಟಿಗೆ ಅವಕಾಶವಿದೆ. 2017ರ ರಾಷ್ಟ್ರೀಯ ವಯೋಶ್ರೀ ಯೋಜನೆಯು ಬಡ ಹಿರಿಯರಿಗೆ ಊರುಗೋಲು, ವಾಕರ್, ಗಾಲಿಕುರ್ಚಿ, ಕನ್ನಡಕ, ಶ್ರವಣಸಾಧನಗಳನ್ನು ಉಚಿತವಾಗಿ ಒದಗಿಸುತ್ತದೆ. 2023ರ ನವೆಂಬರ್ 15ರಂದು ಆರಂಭವಾದ ಪಿಎಂ-ಜನಮನ್ ಅಭಿಯಾನದಲ್ಲಿ ಮನೆ, ರಸ್ತೆ, ಸಂಚಾರಿ ವೈದ್ಯಕೀಯ ಘಟಕಗಳು ಸೇರಿವೆ. ಅದು ವಿಶೇಷವಾಗಿ ದುರ್ಬಲವಾದ ಗುಂಪುಗಳಿಗೆ ಮೀಸಲಾದುದರಿಂದ ಕೊರಗರು ಅದರ ವ್ಯಾಪ್ತಿಗೆ ಬರುತ್ತಾರೆ, ಮಲೆಕುಡಿಯರು ಮತ್ತು ಮರಾಟಿಗಳು ಬರುವುದಿಲ್ಲ. ಮನೆಯ ನಕ್ಷೆ ತಯಾರಾಗುವ ಹಂತದಲ್ಲೇ ಒರಟು ನೆಲ, ಕೈತಾಂಗು, ಮನೆಗೆ ತಾಗಿದ ಶೌಚಾಲಯಗಳನ್ನು ಸೇರಿಸಿದರೆ ಮುಂದಿನ ಎಷ್ಟೋ ಮುರಿತಗಳನ್ನು ತಪ್ಪಿಸಬಹುದು.

ಸಮಗ್ರ ಗಿರಿಜನ ಅಭಿವೃದ್ಧಿ ಯೋಜನೆಯ ಮೂಲಕ ಕೊರಗ, ಮಲೆಕುಡಿಯ ಕುಟುಂಬಗಳಿಗೆ ದೊರೆಯುವ ಪೌಷ್ಟಿಕ ಆಹಾರದ ಕಿಟ್‌ನಲ್ಲಿ ಬೇಳೆಕಾಳು, ಮೊಟ್ಟೆ, ಎಣ್ಣೆ, ಬೆಲ್ಲ ಇರುತ್ತವೆ. ಸ್ನಾಯುಬಲಕ್ಕೆ ಪ್ರೋಟೀನ್ ಅತ್ಯಗತ್ಯ. ಮನೆಯಲ್ಲಿ ಮೊಟ್ಟೆ ಮೊದಲು ಮಕ್ಕಳ ತಟ್ಟೆಗೆ ಹೋಗುವುದು ಲೋಕರೂಢಿಯಾದ್ದರಿಂದ ಹಿರಿಯರ ಪಾಲನ್ನು ಕೇಳಿ ತಿಳಿಯುವುದು ಆರೋಗ್ಯ ಕಾರ್ಯಕರ್ತೆಯರಿಗೆ ಬಿಟ್ಟದ್ದು. ವೃದ್ಧಾಪ್ಯ ವೇತನ ಮತ್ತು 65 ದಾಟಿದವರಿಗೆ ಸಂಧ್ಯಾ ಸುರಕ್ಷಾ ಪಿಂಚಣಿ ಇವೆ. ಪಿಂಚಣಿಗೂ ಪಡಿತರದ ಬೆರಳಚ್ಚಿಗೂ ಹಿರಿಯರೇ ಇಳಿದು ಬರಬೇಕಾದಲ್ಲಿ ಅದೂ ಬೀಳುವ ಅಪಾಯಕ್ಕೆ ಸೇರಿದ ನಡಿಗೆ. ಗ್ರಾಮ ಪಂಚಾಯಿತಿಗಳಲ್ಲಿರುವ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಅಂಗವಿಕಲತೆಯ ಗುರುತಿನ ಚೀಟಿ ಮತ್ತು ಸಲಕರಣೆಗಳಿಗೆ ನೆರವಾಗುತ್ತಾರೆ. ಹಿರಿಯ ನಾಗರಿಕರ ರಾಷ್ಟ್ರೀಯ ಸಹಾಯವಾಣಿಯ ಸಂಖ್ಯೆ 14567. ಮೊಬೈಲ್ ಸಿಗ್ನಲ್ ಸಿಗದ ಮಲೆಯ ಮನೆಗಳಲ್ಲಿ ಈ ಕರೆಗಾಗಿಯೂ ಯಾರಾದರೂ ಗುಡ್ಡದ ನೆತ್ತಿಗೆ ನಡೆಯಬೇಕಾಗುತ್ತದೆ.